ಹೆಸರು ಕಳೆದುಕೊಂಡ ಚಿತ್ರಗಳು

ಚಿತ್ರಕಾರ ಕಲ್ಪಿಸಿ ಬರೆಯುತ್ತಾನೆ, ಕ್ಯಾಮೆರಾ ಇದ್ದದ್ದನ್ನು ಇದ್ದಹಾಗೆ ತೋರಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದಕ್ಷಿಣ ಆಫ್ರಿಕಾದ ಜುಲು ನಾಡಿನ ಹತ್ತೊಂಬತ್ತನೇ ಶತಮಾನದ ಚಿತ್ರಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಈ ನಂಬಿಕೆ ಅಲುಗಾಡುತ್ತದೆ.

1847ರಲ್ಲಿ ಜುಲು ನಾಡಿನ ಪಕ್ಕದ ಬ್ರಿಟಿಷ್ ವಸಾಹತು ನಟಾಲ್‌ಗೆ ಬಂದ ಚಿತ್ರಕಾರ ಜಾರ್ಜ್ ಫ್ರೆಂಚ್ ಆಂಗಸ್ ಎರಡು ವರ್ಷಗಳ ನಂತರ ಲಂಡನ್ನಿನಲ್ಲಿ ಬಣ್ಣದ ಕಲ್ಲಚ್ಚು ಚಿತ್ರಗಳ ಸಂಪುಟ ತಂದ. ಅದರ ಶೀರ್ಷಿಕೆಯಲ್ಲಿರುವ ಒಂದು ಪದ ಇವತ್ತು ದಕ್ಷಿಣ ಆಫ್ರಿಕಾದಲ್ಲಿ ಬೈಗುಳ. ಜುಲುಗಳ ದೇಹಗಳನ್ನೋ ಗ್ರೀಕ್ ಶಿಲ್ಪದ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರೆದಿದ್ದಾನೆ. ಆದರೂ ದೊಡ್ಡ ಗುರಾಣಿ ಹಿಡಿದು ನಿಂತ ಒಬ್ಬನ ಚಿತ್ರದಡಿ ‘ಉಟಿಮುನಿ’ ಎಂದು ಹೆಸರಿದೆ, ಅವನು ಜುಲು ದೊರೆ ಚಾಕಾಗೆ ಏನಾಗಬೇಕು ಎಂಬುದೂ ಇದೆ. ಮುಂದೆ ಡರ್ಬನ್, ಪೀಟರ್‌ಮಾರಿಟ್ಸ್‌ಬರ್ಗ್‌ಗಳಲ್ಲಿ ಫೋಟೊ ಸ್ಟುಡಿಯೊಗಳು ತೆರೆದವು. ಗುರಾಣಿ, ಈಟಿ ಕೈಗೆ ಕೊಟ್ಟು ನಿಲ್ಲಿಸಿ ತೆಗೆದ ಚಿಕ್ಕ ಕಾರ್ಡುಗಳು ಬಿಕರಿಯಾದವು. ಅವುಗಳಡಿ ಬರೆದದ್ದು ‘ಜುಲು ಯೋಧ’, ‘ಜುಲು ಹುಡುಗಿ’ ಅಷ್ಟೆ. ಮುಖ ಮೊದಲಿಗಿಂತ ಸ್ಪಷ್ಟವಾಯಿತು, ಹೆಸರು ಹೋಯಿತು.

ಬ್ರಿಟಿಷರಿಗೂ ಜುಲುಗಳಿಗೂ ನಡೆದ ಯುದ್ಧದ ಚಿತ್ರಗಳ ಕಥೆ ಇನ್ನೂ ವಿಚಿತ್ರ. 1879ರ ಜನವರಿ 22ರಂದು ಇಸಾಂಡ್ಲವಾನ ಗುಡ್ಡದಡಿ ಸುಮಾರು 20,000 ಜುಲು ಸೈನಿಕರು ಬ್ರಿಟಿಷ್ ಶಿಬಿರವನ್ನು ಅಳಿಸಿಹಾಕಿದರು. ಶಿಬಿರದ ಕಡೆ ಸತ್ತವರು 1,300ಕ್ಕೂ ಹೆಚ್ಚು, ಅವರಲ್ಲಿ ನಟಾಲ್‌ನ ಕರಿಯ ಸೈನಿಕರೂ ಸೇರಿದ್ದರು. ಅಂದಿನ ಗಾಜಿನ ಫಲಕದ ಕ್ಯಾಮೆರಾಗೆ ಓಡುವ ಮನುಷ್ಯ ಸಿಗುವಂತಿರಲಿಲ್ಲ. ಹಾಗಾಗಿ ಫೋಟೊಗಳಲ್ಲಿ ಉಳಿದದ್ದು ಮುರಿದ ಗಾಡಿ, ಹುಲ್ಲು, ಬರಿದಾದ ಗುಡ್ಡ. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪತ್ರಿಕೆಯ ಚಿತ್ರಕಾರ ಮೆಲ್ಟನ್ ಪ್ರಯರ್ ಆ ಬಯಲಿಗೆ ಕಾಲಿಟ್ಟದ್ದು ಮೇ 21ರಂದು, ಕದನ ನಡೆದು ಹೆಚ್ಚುಕಡಿಮೆ ನಾಲ್ಕು ತಿಂಗಳಾದ ಮೇಲೆ. ನನ್ನ ಮಟ್ಟಿಗೆ ಆ ಖಾಲಿ ಫೋಟೊಗಳೇ ಇಡೀ ಪರಂಪರೆಯಲ್ಲಿ ಅತ್ಯಂತ ಪ್ರಾಮಾಣಿಕವಾದವು.

ಖಾಲಿಯನ್ನು ತುಂಬಲು ತೈಲವರ್ಣ ಬಂತು. ಇಸಾಂಡ್ಲವಾನ ಕದನದ ದಿನವೇ ಶುರುವಾದ ರೋರ್ಕ್ಸ್ ಡ್ರಿಫ್ಟ್ ಕಾಳಗದಲ್ಲಿ ಬ್ರಿಟಿಷ್ ಕಡೆಯ ಸುಮಾರು 150 ಮಂದಿ ತಮ್ಮ ಠಾಣೆ ಉಳಿಸಿಕೊಂಡಿದ್ದರು. 11 ವಿಕ್ಟೋರಿಯಾ ಕ್ರಾಸ್ ಶೌರ್ಯ ಪದಕಗಳೂ ಬಂದವು. ಸೋಲಿನ ಅವಮಾನ ಮುಚ್ಚಲು ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಬ್ರಿಟನ್ನಿನ ರಾಣಿಗಾಗಿ ಈ ಕಾಳಗವನ್ನು ಬರೆದ ಎಲಿಜಬೆತ್ ಬಟ್ಲರ್ ಮುಂದೆ ಅಲ್ಲಿ ಕಾದಾಡಿದ ಸಿಪಾಯಿಗಳೇ ಬಂದು ಭಂಗಿ ಕೊಟ್ಟರು. ಅವರ ಮುಖಗಳನ್ನು ಇಂದಿಗೂ ಗುರುತಿಸಬಹುದು. ಜುಲುಗಳು? ಚಿತ್ರದ ಅಂಚಿನ ಕತ್ತಲಲ್ಲಿ ಹುಡುಕಿಕೊಳ್ಳಬೇಕು. ಚಾರ್ಲ್ಸ್ ಫ್ರಿಪ್ 1885ರಲ್ಲಿ ಇಸಾಂಡ್ಲವಾನವನ್ನೇ ಬರೆದ. ಗೆದ್ದವರು ಅಲ್ಲಿ ಸುತ್ತುವರಿದ ಅಲೆ, ಸೋತವರು ಬೆನ್ನಿಗೆ ಬೆನ್ನು ಕೊಟ್ಟು ನಿಂತ ನಾಯಕರು. ಕೌಶಲದಲ್ಲಿ ಕೊರತೆಯಿಲ್ಲ, ಕಣ್ಣು ಎಲ್ಲಿ ನಿಲ್ಲಬೇಕೆಂದು ಮೊದಲೇ ತೀರ್ಮಾನವಾಗಿತ್ತು, ಅಷ್ಟೆ.

ಯುದ್ಧದಲ್ಲಿ ಕೊನೆಗೆ ಸೋತ ಜುಲು ದೊರೆ ಸೆಟ್‌ಶ್ವಾಯೊಗೆ ಮಾತ್ರ ಹೆಸರು ದಕ್ಕಿತು, ಅದೂ ಸೆರೆಯಾದ ಮೇಲೆ. 1882ರಲ್ಲಿ ತನ್ನ ರಾಜ್ಯ ಮರಳಿ ಕೇಳಲು ಲಂಡನ್ನಿಗೆ ಹೋದಾಗ ಯುರೋಪಿಯನ್ ಕೋಟು ತೊಟ್ಟು ಕ್ಯಾಮೆರಾದ ಮುಂದೆ ಕೂತ. ಅಹವಾಲು ತಂದ ರಾಜನೊಬ್ಬ ತನ್ನನ್ನು ಹೇಗೆ ನೋಡಬೇಕೆಂದು ಪಟ್ಟು ಹಿಡಿದಂತಿದೆ ಆ ಫೋಟೊ.

ನಮಗೂ ಈ ಸಂಗ್ರಹದಲ್ಲಿ ಒಂದು ಪಾಲಿದೆ. 1906ರಲ್ಲಿ ಜುಲುಗಳ ಬಂಬಾಥಾ ದಂಗೆಯ ವೇಳೆ ನಟಾಲ್ ಸರ್ಕಾರದ ಪರ ಡೋಲಿ ಹೊರಲು ಹೋದ ಭಾರತೀಯರ ಗುಂಪುಚಿತ್ರದಲ್ಲಿ ಸಮವಸ್ತ್ರದ ಗಾಂಧಿ ಇದ್ದಾರೆ. ಆ ಗುಂಪು ಶುಶ್ರೂಷೆ ಮಾಡಿದ್ದು ಹೆಚ್ಚಾಗಿ ಗಾಯಗೊಂಡ ಜುಲುಗಳಿಗೆ. ಚಿತ್ರದಲ್ಲಿ ಆ ಗಾಯಾಳುಗಳಿಲ್ಲ.

ಇಸಾಂಡ್ಲವಾನದಲ್ಲಿ ಬ್ರಿಟಿಷರ ಸ್ಮಾರಕಗಳು ಬಹಳ ಹಿಂದಿನಿಂದ ಇವೆ. ಜುಲುಗಳ ಸ್ಮಾರಕ ಬಂದದ್ದು 1999ರಲ್ಲಿ. ಅದರಲ್ಲಿ ಯೋಧನ ಆಕೃತಿಯಿಲ್ಲ, ಮುಖವಿಲ್ಲ. ಶೌರ್ಯಕ್ಕೆ ಸಲ್ಲುತ್ತಿದ್ದ ಕೊರಳಹಾರ ಕಂಚಿನಲ್ಲಿದೆ.