ನಗೆತುಣುಕೆಂದು ಬದಿಗಿಟ್ಟ 'ಸ್ಟ್ರಿಪ್ಸೊಡಿ'

ಗಾಯಕಿ ಕ್ಯಾಥಿ ಬರ್ಬೆರಿಯನ್ ಹೆಸರು ಬಂದರೆ ಸಾಕು, ಮಾತು ಸಂಗೀತ ಸಂಯೋಜಕ ಲುಚಾನೊ ಬೆರಿಯೊ ಅವರ 'ಸೆಕ್ವೆನ್ಸಾ 3'ರ ಕಡೆ ತಿರುಗುತ್ತದೆ. ನಗು, ಕೆಮ್ಮು, ಲೊಚಗುಟ್ಟುವಿಕೆಯನ್ನೆಲ್ಲ ಒಂಟಿ ಹೆಣ್ಣುದನಿಯ ಸಂಗೀತವಾಗಿಸಿದ ಈ ಕೃತಿಯನ್ನು 1966ರಲ್ಲಿ ಮೊದಲು ಹಾಡಿದ್ದು ಅವರೇ. ಅದೇ ವರ್ಷ ಸ್ವತಃ ರಚಿಸಿದ 'ಸ್ಟ್ರಿಪ್ಸೊಡಿ'ಗೆ ಮಾತ್ರ ಕಚೇರಿಯ ಕೊನೆಗೆ ನಗಿಸಿ ಕಳಿಸುವ ತುಣುಕೆಂಬ ಹಣೆಪಟ್ಟಿ. ಇದು ಅನ್ಯಾಯ. ಎರಡರಲ್ಲಿ ಮನುಷ್ಯನ ದನಿಯನ್ನು ಹೆಚ್ಚು ನಂಬಿದ್ದು 'ಸ್ಟ್ರಿಪ್ಸೊಡಿ'ಯೇ.

ಅದರ ಪುಟ ತೆರೆದು ನೋಡಬೇಕು. ಮಾಮೂಲಿ ಸ್ವರಲಿಪಿ ಇಲ್ಲ. ಕಾಮಿಕ್ಸ್‌ನಲ್ಲಿ ಗುದ್ದು, ಗೊರಕೆ, ಸಿಡಿತಗಳಿಗೆ ಬಳಸುವ ಅಕ್ಷರಗಳನ್ನು ಚಿತ್ರಕಾರ ರೊಬೆರ್ತೊ ಜಾಮಾರಿನ್ ಚಿತ್ರವಾಗಿ ಬರೆದಿದ್ದಾರೆ. ಅಕ್ಷರ ಮೇಲಿದ್ದರೆ ತಾರ, ಕೆಳಗಿದ್ದರೆ ಮಂದ್ರ. ಶ್ರುತಿ ಇಷ್ಟೇ ಎಂಬ ಕಟ್ಟಿಲ್ಲ. ರೇಡಿಯೊದಲ್ಲಿ ಸದ್ದು ಹುಟ್ಟಿಸುವವನು ಕೈಯಲ್ಲಿ ಯಾವ ಸಾಮಾನೂ ಇಲ್ಲದೆ ಎಲ್ಲವನ್ನೂ ಬಾಯಿಂದಲೇ ಹೊರಡಿಸುವಂತೆ ಹಾಡಬೇಕೆಂಬುದು ಸೂಚನೆ. ಸದ್ದುಗಳ ಸಾಲನ್ನು ಸೂಪರ್‌ಮ್ಯಾನ್‌ನಂಥವರ ಪುಟ್ಟ ದೃಶ್ಯಗಳು ನಡುನಡುವೆ ಒಡೆಯುತ್ತವೆ. ತುಟಿ ಬಿಗಿದು ಬಿಟ್ಟ ವ್ಯಂಜನ ಏಟಾಗುತ್ತದೆ, ಊಷ್ಮಾಕ್ಷರ ಗಾಳಿಯಾಗುತ್ತದೆ, ಎಳೆದ ಸ್ವರ ಜಾರಿ ಬೀಳುತ್ತದೆ. ಹೆದರಿಕೆಯೋ ಸಿಟ್ಟೋ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ, ಸದ್ದೇ ಅದನ್ನು ಹೊತ್ತು ತರುತ್ತದೆ.

ಬೆರಿಯೊ ಹಿಡಿದದ್ದು ಬೇರೆ ದಾರಿ. ಉದ್ವೇಗ, ಕನಸು, ಗಲಿಬಿಲಿ ಎಂದು ನಲವತ್ತಕ್ಕೂ ಹೆಚ್ಚು ಭಾವಸೂಚನೆಗಳನ್ನು ಹಾಡಿನ ಉದ್ದಕ್ಕೂ ಬರೆದಿಟ್ಟರು. ಗಾಯಕಿ ಗೊಣಗುತ್ತಲೇ ವೇದಿಕೆಗೆ ಬರುವ ಆರಂಭ ಅದ್ಭುತ, ಒಪ್ಪೋಣ. ಆಮೇಲೆ ಭಾವಗಳು ಕ್ಷಣಕ್ಷಣಕ್ಕೂ ಬದಲಾದಂತೆ ಕೇಳುಗನ ಗಮನ ದನಿಯಿಂದ ತಪ್ಪಿ ನಟನೆಯ ಚುರುಕಿನ ಮೇಲೆ ಹೋಗಿಬಿಡುತ್ತದೆ.

ನಿಜವಾದ ಜಗಳವಿರುವುದು, ಬರ್ಬೆರಿಯನ್ ಅವರನ್ನು ಬೆರಿಯೊಗೆ ಸ್ಫೂರ್ತಿ ಕೊಟ್ಟ ಮಡದಿ ಎಂದಷ್ಟೇ ಬರೆದು ಮುಗಿಸುವ ವಿಮರ್ಶಕರೊಂದಿಗೆ. ಥಟ್ಟನೆ ದನಿ ಬದಲಿಸುವ ಬರ್ಬೆರಿಯನ್ ಅವರ ಕೈಚಳಕ ಕಂಡೇ ಸಂಯೋಜಕ ಜಾನ್ ಕೇಜ್ 1958ರಲ್ಲಿ ಅವರಿಗಾಗಿ 'ಆರಿಯಾ' ಬರೆದರು. ಬೆರಿಯೊ ಅವರ 1961ರ 'ವಿಸಾಜ್'ಗಾಗಿ ಮಿಲಾನ್ ರೇಡಿಯೊ ಸ್ಟುಡಿಯೊದ ಟೇಪಿನಲ್ಲಿ ನಕ್ಕು, ಅತ್ತು, ನರಳಿದ ಕಂಠವೂ ಅವರದೇ. ಬೆರಿಯೊ 'ಸೆಕ್ವೆನ್ಸಾ 3'ನ್ನು ಕಾಗದಕ್ಕಿಳಿಸುವ ಮುಂಚೆಯೇ ಅದರ ಸಾಮಗ್ರಿ ಆ ಗಂಟಲಲ್ಲಿ ಸಿದ್ಧವಿತ್ತು. ಹೊಸ ಗಾಯನ ಹೇಗಿರಬೇಕೆಂದು 1966ರಲ್ಲಿ ಲೇಖನ ಬರೆದು ವಾದಿಸಿದವರೂ ಅವರೇ. ಅಂಥವರ ಕೃತಿ ನಗಿಸುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಹಗುರವೆಂದು ತೂಗುವುದು ಕೇಳದೆ ಕೊಟ್ಟ ತೀರ್ಪು. ಗಾಯಕಿಯರು ಅದನ್ನು ಕಚೇರಿಯ ನಟ್ಟನಡುವೆ, 'ಸೆಕ್ವೆನ್ಸಾ 3'ರ ಬೆನ್ನಿಗೇ ಹಾಡಲಿ.