ಮಂಜೂ ಹಿಮವೂ: ನಮ್ಮ ಗದ್ಯದಲ್ಲಿ ಗಿರಿಯಾತ್ರೆ

ಕನ್ನಡದಲ್ಲಿ 'ಮಂಜು' ಎಂಬ ಮಾತು ಬಹಳ ದುಡಿಯುತ್ತದೆ. ಮುಂಜಾನೆ ಕಣಿವೆಯನ್ನು ತುಂಬಿ ನಿಲ್ಲುವ ಬೆಳ್ಳನೆಯ ತೆರೆಯೂ ಮಂಜು. ಹುಲ್ಲಿನ ತುದಿಯಲ್ಲಿ ಕೂತ ಇಬ್ಬನಿಯೂ ಕೆಲವರ ಬಾಯಲ್ಲಿ ಮಂಜು. ಉತ್ತರದ ಮಹಾಪರ್ವತಗಳ ಮೇಲೆ ಸುರಿದು ಗಟ್ಟಿಯಾಗುವ ಹಿಮವೂ ಮಂಜು. ಆಡುಮಾತಿಗೆ ಇದರಿಂದ ತೊಂದರೆಯೇನೂ ಇಲ್ಲ. ಆದರೆ ಬರೆಹಗಾರನ ಪಾಲಿಗೆ ಇದೊಂದು ಸುಲಭಮಾರ್ಗ. ಒಂದೇ ಪದದ ಮರೆಯಲ್ಲಿ ಮೂರು ವಸ್ತುಗಳು ಅಡಗಿರುವುದರಿಂದ, ಕಾಣದುದನ್ನು ಕಂಡಂತೆ ಬರೆಯಲು ಅವನಿಗೆ ಎಡೆ ದೊರೆಯುತ್ತದೆ. ನಮ್ಮ ತರುಣರು ವಸಂತಕಾಲದಲ್ಲಿ ಗೆಳೆಯರೊಡಗೂಡಿ ಹಿಮಾಲಯದ ಹಿಮವನ್ನು ತುಳಿದು ಬಂದು ಲೇಖನಗಳನ್ನು ಬರೆಯುವುದು ಈಚೆಗೆ ಹೆಚ್ಚಾಗಿದೆ. ನಮ್ಮ ಜಿಲ್ಲೆಯ ಗಿರಿಗಳನ್ನೇರಿದವರೂ ಬರೆಯುತ್ತಿದ್ದಾರೆ. ಇಂತಹ ಬರೆಹಗಳನ್ನು ಒರೆದು ನೋಡುವುದಕ್ಕೆ ತಕ್ಕ ಒರೆಗಲ್ಲು ನಮ್ಮ ಸಾಹಿತ್ಯದಲ್ಲಿ ಉಂಟೆ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ನಮ್ಮ ನೆಲದ ಸಂಗತಿ. ಕರ್ಣಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಕುದುರೆಮುಖ ಅದಕ್ಕಿಂತ ಕೊಂಚ ತಗ್ಗು. ಸಮಭಾಜಕ ವೃತ್ತದಿಂದ ಹದಿಮೂರು ಡಿಗ್ರಿಯಷ್ಟೇ ದೂರವಿರುವ ಈ ಸೀಮೆಯಲ್ಲಿ ಹಿಮ ಬೀಳುವುದಕ್ಕೆ ಈ ಎತ್ತರ ಏನೇನೂ ಸಾಲದು. ನಮ್ಮ ವಸಂತದ ಬಿಳುಪೇ ಬೇರೆ. ಫೆಬ್ರವರಿಯಿಂದ ಏಪ್ರಿಲಿನೊಳಗೆ ಹೂಮಳೆ ಬಿದ್ದರೆ, ಎಂಟು ಹತ್ತು ದಿನಗಳಲ್ಲಿ ಮೂಡಿಗೆರೆ ಕಳಸಗಳ ಕಾಫಿಯ ತೋಟಗಳು ಒಮ್ಮೆಲೇ ಅರಳಿ ಬೆಳ್ಳಗಾಗುತ್ತವೆ. ಇದನ್ನು ಬಣ್ಣಿಸುವವರಲ್ಲಿ ಹಲವರು 'ಹಿಮ ಸುರಿದಂತೆ' ಎಂದು ಬರೆಯುತ್ತಾರೆ. ಹಿಮವನ್ನು ಎಂದೂ ಕಾಣದ ಓದುಗನಿಗೆ, ಅವನ ಮನೆಯಂಗಳದಾಚೆಯೇ ಇರುವ ಹೂವನ್ನು ಹಿಮದ ಹೋಲಿಕೆಯಿಂದ ತಿಳಿಸಹೊರಡುವುದು ವಿಚಿತ್ರವಲ್ಲವೆ? ಉಪಮಾನವು ದೂರದುದನ್ನು ಹತ್ತಿರಕ್ಕೆ ತರಬೇಕು. ಇಲ್ಲಿ ಹತ್ತಿರದುದನ್ನು ದೂರಕ್ಕೆ ಅಟ್ಟಿದಂತಾಯಿತು. ಅದೂ ಅಲ್ಲದೆ ಕಾಫಿಯ ಹೂವಿಗೆ ಪರಿಮಳವಿದೆ, ಜೇನ್ನೊಣಗಳ ಸದ್ದಿದೆ, ಬರುವ ವರ್ಷದ ಫಸಲು ಎಷ್ಟಾದೀತೆಂಬ ಮನೆಮನೆಯ ಲೆಕ್ಕಾಚಾರವಿದೆ. ಹಿಮಕ್ಕೆ ಇವಾವುವೂ ಇಲ್ಲ. ಹಿಮವೆಂದೊಡನೆ ಇವೆಲ್ಲವೂ ಅಳಿಸಿಹೋಗಿ ಬಿಳಿಯ ಬಣ್ಣವೊಂದೇ ಉಳಿಯುತ್ತದೆ.

ಕಾಳಿದಾಸನು ಕುಮಾರಸಂಭವದ ಆರಂಭದಲ್ಲಿ ಹಿಮವನ್ನು ಪರ್ವತರಾಜನ ಒಂದು ದೋಷವೆಂದೇ ಎಣಿಸಿ, ಗುಣಗಳ ರಾಶಿಯಲ್ಲಿ ಅದು ಮುಚ್ಚಿಹೋಗುವುದೆಂದು ಸಮಾಧಾನ ಹೇಳಿದುದನ್ನು ವಾಚಕರು ಬಲ್ಲರು. ಹಿಮವು ಚೆಲುವು ಮಾತ್ರವಲ್ಲ, ಬಾಳಿಗೆ ಅಡಚಣೆಯೂ ಹೌದೆಂಬ ತಿಳಿವು ಅಲ್ಲಿದೆ. ನಮ್ಮ ಇಂದಿನ ಪ್ರವಾಸಲೇಖನಗಳಲ್ಲಿ ಕಾಣದುದು ಈ ತಿಳಿವೇ. ವಸಂತದ ಹಿಮವು ಬೆಳಗಿನ ಜಾವದಲ್ಲಿ ಗಟ್ಟಿಯಾಗಿದ್ದು, ಬಿಸಿಲೇರಿದಂತೆ ಮೆತ್ತಗಾಗಿ ಕಾಲನ್ನು ನುಂಗುತ್ತದೆ. ಆದುದರಿಂದ ಏರುವವರು ಕತ್ತಲಿರುವಾಗಲೇ ಹೊರಡುತ್ತಾರೆ, ಕಡಿದಾದೆಡೆಗಳಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಅಲ್ಲಿ ಗೆಳೆತನವೆಂಬುದು ಬರಿಯ ಭಾವವಲ್ಲ. ಒಬ್ಬನು ಜಾರಿದರೆ ಇನ್ನೊಬ್ಬನ ಸೊಂಟಕ್ಕೆ ತಗಲುವ ಎಳೆತ. ಎತ್ತರದ ಅಂಕಿಗಳನ್ನೂ ಸೂರ್ಯೋದಯದ ಬಣ್ಣಗಳನ್ನೂ ಪುಟಗಟ್ಟಲೆ ಬರೆದವರು ಈ ಎಳೆತದ ವಿಷಯವಾಗಿ ಒಂದು ಮಾತನ್ನೂ ಬರೆಯದಿದ್ದರೆ, ಅವರ ಗೆಳೆಯರು ಓದುಗನಿಗೆ ಹೆಸರುಗಳಾಗಿಯೇ ಉಳಿಯುತ್ತಾರೆ.

ಇನ್ನು ನಮ್ಮಲ್ಲಿರುವ ಗ್ರಂಥಗಳು. ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು 1933ರಲ್ಲಿ 'ಮಲೆನಾಡಿನ ಚಿತ್ರಗಳು' ಪ್ರಕಟಿಸಿದರು. ಇಲ್ಲಿ ಕಾಡೂ ಬೆಟ್ಟವೂ ನೋಡಲು ಬಂದವನ ಕಣ್ಣಿನವಲ್ಲ. ಅಲ್ಲಿಯೇ ಹುಟ್ಟಿ ಬೆಳೆದವನ ಮನೆಯ ಹಿತ್ತಲು. ಇದು ಗ್ರಂಥದ ಹಿರಿಮೆ. ಆದರೆ ಮನೆಯವನಿಗೆ ಬೆಟ್ಟವನ್ನೇರುವುದು ಒಂದು ಘಟನೆಯೇ ಅಲ್ಲವಾದುದರಿಂದ, ಹೊರಟು, ಏರಿ, ಇಳಿದು ಬಂದವನ ಬರೆಹಕ್ಕೆ ಇದು ನೇರವಾದ ಮಾದರಿಯಾಗಲಾರದು.

ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' (1976) ಯಾತ್ರೆಯ ಗ್ರಂಥವೇ ಸರಿ. ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟಗಳನ್ನು ಸುತ್ತಿದ ಕಥನವಿದು; 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. 'ಹಸುರು' ಎಂಬ ಒಂದು ಮಾತಿನಲ್ಲಿ ನಾವು ಮುಚ್ಚಿಬಿಡುವುದನ್ನು ಸ್ವಾಮಿಯವರು ಗಿಡಗಿಡವಾಗಿ, ಎಲೆಯೆಲೆಯಾಗಿ ಬಿಡಿಸಿ, ಹೆಸರಿಟ್ಟು, ಚಿತ್ರ ಬರೆದು ತೋರಿಸುತ್ತಾರೆ. ಹೋಲಿಕೆಗಿಂತ ಗುರುತು ಹೆಚ್ಚಿನದೆಂಬ ಪಾಠವನ್ನು ಇಲ್ಲಿ ಕಲಿಯಬಹುದು. ನಗೆಯೂ ಧಾರಾಳವಾಗಿದೆ. ಆದರೆ ಈ ತಂಡದಲ್ಲಿ ಬಲ್ಲವರು ಗುರುಗಳು, ಕೇಳುವವರು ಶಿಷ್ಯರು; ಅರಿವು ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ.

ಈ ಹರಿವನ್ನು ತಿರುಗಿಸಿದ ಗ್ರಂಥವೇ ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಹಾರುವ ಓತಿಯನ್ನು ಅರಸುತ್ತ ಘಟ್ಟದ ಅಂಚಿನವರೆಗೆ ಹೋಗುವ ತಂಡದಲ್ಲಿ ವಿಜ್ಞಾನಿ ಕರ್ವಾಲೊ, ಕಥೆ ಹೇಳುವ ಕೃಷಿಕ, ಪ್ರಭಾಕರ, ಬಿರಿಯಾನಿ ಕರಿಯಪ್ಪ, ಯೆಂಗ್ಟ, ಕಿವಿ ಎಂಬ ನಾಯಿ, ಇವರೆಲ್ಲರೊಡನೆ ಮಂದಣ್ಣನೂ ಇದ್ದಾನೆ. ಊರಿನವರು ಯಾವ ಕೆಲಸಕ್ಕೂ ಬಾರದವನೆಂದು ಬಗೆದ ಈ ಮಂದಣ್ಣನನ್ನೇ ವಿಜ್ಞಾನಿಯು ಹುಟ್ಟು ನಿಸರ್ಗಶಾಸ್ತ್ರಜ್ಞನೆಂದು ಗೌರವಿಸುತ್ತಾನೆ. ಕಥೆ ಹೇಳುವಾತನಿಗೆ ಇದನ್ನು ಒಪ್ಪಲು ಬಹಳ ಕಾಲ ಹಿಡಿಯುತ್ತದೆ. ಇಲ್ಲಿ ಸೊಂಟಕ್ಕೆ ಕಟ್ಟಿದ ಹಗ್ಗವಿಲ್ಲ. ಓದಿದವರನ್ನು ಓದದವನಿಗೆ ಬಿಗಿಯುವುದು ಅವನ ಅರಿವು. ಕೊನೆಗೆ ಅವರಿಗೆ ದೊರೆಯುವುದು ಶಿಖರವೂ ಅಲ್ಲ, ಓತಿಯೂ ಅಲ್ಲ. ಅದು ಪ್ರಪಾತದ ಮೇಲೆ ತೇಲಿ ಮರೆಯಾಗುತ್ತದೆ. ಬೆಟ್ಟದ ತುದಿಯಲ್ಲಿ ಧ್ವಜ ನೆಡುವ ಕಥನಗಳಿಗೆ ಇದಕ್ಕಿಂತ ಸಮರ್ಥವಾದ ಉತ್ತರ ಕನ್ನಡದಲ್ಲಿಲ್ಲವೆಂದು ನಮ್ಮ ಮತ.

ಇದು ಕೇವಲ ರಸದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು. 1953ರ ಮೇ 29ರಂದು ಹಿಲರಿಯೂ ತೇನ್‌ಸಿಂಗನೂ ಎವರೆಸ್ಟನ್ನೇರಿದಾಗ, ಮೊದಲು ಕಾಲಿಟ್ಟವರಾರೆಂದು ಲೋಕವು ಬೆನ್ನುಹತ್ತಿ ಕೇಳಿತು. ಒಂದೇ ಹಗ್ಗದಲ್ಲಿದ್ದವರಿಗೆ ಆ ಪ್ರಶ್ನೆ ಅರ್ಥವಿಲ್ಲದ್ದಾಗಿತ್ತು. ನಮ್ಮ ಪ್ರವಾಸಲೇಖನಗಳಲ್ಲಿಯೋ ಈ ಪ್ರಶ್ನೆ ಏಳುವುದೇ ಇಲ್ಲ. ಏಕೆಂದರೆ ದಾರಿ ತೋರಿದವನೂ ಹೊರೆ ಹೊತ್ತವನೂ 'ಸ್ಥಳೀಯನೊಬ್ಬ' ಎಂಬ ಮಾತಿನಲ್ಲಿ ಮುಗಿದುಹೋಗುತ್ತಾರೆ. ಮುಳ್ಳಯ್ಯನಗಿರಿಯ ಮಂಜಿನಲ್ಲಾಗಲಿ ಹಿಮಾಲಯದ ಹಿಮದಲ್ಲಾಗಲಿ ಕಣ್ಣು ಕಾಣದಾದಾಗ ನಂಬಬೇಕಾದುದು ಅವನನ್ನೇ ಅಲ್ಲವೆ?

'ಕರ್ವಾಲೊ ಕಾದಂಬರಿ, ಅಲ್ಲಿ ಕಲ್ಪನೆಗೆ ಅವಕಾಶವಿದೆ, ಪ್ರವಾಸಿಗನು ಕಂಡುದನ್ನಷ್ಟೇ ಬರೆಯಬೇಕು' ಎಂದು ಆಕ್ಷೇಪಿಸಬಹುದು. ನಿಜ. ಆದರೆ ಮಂದಣ್ಣನನ್ನು ಕಾಣಲು ಬೇಕಾದುದು ಕಲ್ಪನೆಗಿಂತ ಹೆಚ್ಚಾಗಿ ಗಮನ. ಆ ಗಮನವು ಕಂಡುದನ್ನು ಬರೆಯುವವನಿಗೇ ಮೊದಲು ಸಲ್ಲತಕ್ಕದ್ದು. ತೇಜಸ್ವಿಯವರ ಗ್ರಂಥವೂ ಪೂರ್ಣವೆಂದು ನಾವು ಹೇಳುವುದಿಲ್ಲ. ಆ ತಂಡದಲ್ಲಿ ಹೆಂಗಸೊಬ್ಬಳೂ ಇಲ್ಲ. ಬಚೇಂದ್ರಿ ಪಾಲ್ ಅವರು 1984ರ ಮೇ 23ರಂದು ಎವರೆಸ್ಟ್ ಶಿಖರವನ್ನು ಮುಟ್ಟಿದ ಬಳಿಕವೂ, ಕನ್ನಡದ ಗಿರಿಯಾತ್ರೆಯ ಗದ್ಯವು ಬಹುತೇಕ ಗಂಡಸರ ಮಾತುಕತೆಯಾಗಿಯೇ ಉಳಿದಿರುವುದು ಕೊರತೆಯೇ ಸರಿ.

ಆದುದರಿಂದ ಹಿಮವನ್ನು ತುಳಿದು ಬರುವ ನಮ್ಮ ಲೇಖಕರಲ್ಲಿ ಒಂದೆರಡು ಅರಿಕೆಗಳುಂಟು. ಮಂಜನ್ನು ಮಂಜೆಂದೂ ಇಬ್ಬನಿಯನ್ನು ಇಬ್ಬನಿಯೆಂದೂ ಹಿಮವನ್ನು ಹಿಮವೆಂದೂ ಬೇರ್ಪಡಿಸಿ ಬರೆಯಿರಿ. ಹೋಲಿಕೆ ಬೇಕಾದರೆ ದೂರದ ಹಿಮವನ್ನು ತೋರಿಸಲು ಕಾಫಿಯ ಹೂವನ್ನು ಕರೆಯಿರಿ, ಹೂವಿನಲ್ಲಿದ್ದು ಹಿಮದಲ್ಲಿಲ್ಲದುದು ಯಾವುದೆಂಬುದನ್ನೂ ಹೇಳಿರಿ. ಜೊತೆಯಲ್ಲಿ ನಡೆದವರು ಹೇಗೆ ಉಸಿರುಗಟ್ಟಿ ನಿಂತರು, ಯಾವ ಮಾತಿಗೆ ಮುನಿದರು, ಯಾರು ಯಾರ ಚೀಲವನ್ನು ಹೊತ್ತರು ಎಂಬುದನ್ನು ಬಿಡಬೇಡಿರಿ. ದಾರಿ ಬಲ್ಲವನು ನಿಮಗೆ ಏನನ್ನು ಕಲಿಸಿದನೆಂಬುದನ್ನು, ಅವನು ಒಪ್ಪಿದರೆ ಅವನ ಹೆಸರಿನೊಡನೆಯೇ, ಬರೆಯಿರಿ. ಇಷ್ಟು ನಡೆದರೆ, ಹಿಮವಿಲ್ಲದ ನಾಡಿನ ಓದುಗನಿಗೂ ಹಿಮದ ತಣ್ಪು ತಟ್ಟೀತು.