'ಶುದ್ಧ ನೀರು' ಎಂಬ ಮಾತಿನ ಜಾತಿ

ಶಾಲೆಯ ಪಾಠಗಳನ್ನು ಕೃತಿಯೆಂದು ಓದುವ ಅಭ್ಯಾಸ ನಮ್ಮ ವಿಮರ್ಶೆಗಿಲ್ಲ. ದಲಿತ ಮಗುವಿನ ಕೈಗೆ ಮೊದಲು ಸಿಗುವುದು ಪಠ್ಯಪುಸ್ತಕವೇ ಆದ್ದರಿಂದ, ಅದರೊಳಗಿನ ನೀರಿನ ಪಾಠದ ಭಾಷೆಯನ್ನು ಇಲ್ಲಿ ಕೆದಕುತ್ತೇನೆ.

ಈ ಪಾಠಗಳಲ್ಲಿ ಎರಡು ಮಾತು ತಪ್ಪುವುದಿಲ್ಲ: ಶುದ್ಧ ನೀರು ಕುಡಿಯಿರಿ, ಮಿತವಾಗಿ ಬಳಸಿರಿ. ಕುದಿಸಿ ಸೋಸಿದರೆ ಶುದ್ಧ ಎನ್ನುತ್ತದೆ ವಿಜ್ಞಾನ. ಊರಿನ ನಿಘಂಟಿನಲ್ಲಿ ಆ ಪದದ ಅರ್ಥವೇ ಬೇರೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತವೆಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯಿಸಿತ್ತು. ಆದರೂ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಜನರನ್ನು ಕರೆದೊಯ್ಯಬೇಕಾಯಿತು. ಆಮೇಲೆ ಸವರ್ಣೀಯರು ಅದೇ ಕೆರೆಗೆ ಸಗಣಿ, ಗಂಜಲ ಸುರಿದು 'ಶುದ್ಧಿ' ಮಾಡಿದರು! ಸಗಣಿ ಬೆರೆತದ್ದು ಶುದ್ಧ, ಮನುಷ್ಯ ಮುಟ್ಟಿದ್ದು ಮೈಲಿಗೆ. ನಾನು ನೋಡಿದ ಯಾವ ವಿಜ್ಞಾನ ಪಾಠವೂ ಈ ಮಾತೆತ್ತುವುದಿಲ್ಲ.

ಪುಲಿಕೇಶಿನಗರದ ಮಕ್ಕಳ ಜೊತೆ ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ'ದ ಶಾಲೆಯ ಭಾಗವನ್ನು ಓದಿದೆ. ತಣ್ಣಿ, ಪಾನಿ, ನೀರು ಎಂದು ಮೂರು ಭಾಷೆಯಲ್ಲಿ ದಾಹ ಹೇಳಿಕೊಳ್ಳುವ ತರಗತಿ ಅದು. ಜವಾನ ಬಂದು ನಲ್ಲಿ ತಿರುಗಿಸಿದರಷ್ಟೇ ಆ ಹುಡುಗನಿಗೆ ನೀರು; ಜವಾನ ಇಲ್ಲದ ದಿನ ಬಾಯಾರಿಕೆಯೇ ಗತಿ. "ನಲ್ಲಿ ಅಲ್ಲೇ ಇತ್ತಲ್ಲ ಸಾರ್, ಮತ್ಯಾಕೆ?" ಎಂದು ಹುಡುಗಿಯೊಬ್ಬಳು ಕೇಳಿದಳು. ನಮ್ಮ ಪಠ್ಯಗಳು ಕೇಳದೆ ಬಿಟ್ಟಿರುವ ಪ್ರಶ್ನೆ ಇದೇ. ಅವು ನೀರಿನ ಅಭಾವವನ್ನು ಮಳೆಯ ತಲೆಗೆ ಕಟ್ಟುತ್ತವೆ. ನಲ್ಲಿಯ ಮೇಲೆ ಯಾರ ಕೈ ಇದೆಯೆಂದು ನೋಡುವುದಿಲ್ಲ.

ಇನ್ನು ಮಿತವ್ಯಯದ ಉಪದೇಶ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಪೋಲು ಮಾಡುವವರು ಯಾರೆಂಬುದು ಆ ಆದೇಶಕ್ಕೆ ಗೊತ್ತಿತ್ತು, ಪಾಠಕ್ಕೆ ಗೊತ್ತಿಲ್ಲ. 'ಹನಿ ಹನಿ ಗೂಡಿದರೆ ಹಳ್ಳ' ನಿಜ. ಹಳ್ಳ ಯಾರ ಮನೆ ಕಡೆ ಹರಿಯಿತು? ಅಕ್ಕಿ ತೊಳೆದ ನೀರಲ್ಲೇ ಪಾತ್ರೆ ಬೆಳಗುವ ಮನೆಯ ಮಗುವಿಗೆ ಉಳಿತಾಯ ಬೋಧಿಸುವುದು ಬೋಧಿಸುವವರ ಅಜ್ಞಾನ.

ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ್ದೇ ಮಾನದಂಡ. ಗೆಳೆಯರೆ, ಮಕ್ಕಳು ಮನೆಯ ಬಿಂದಿಗೆಗಳನ್ನು ಎಣಿಸಲಿ, ಸಂಪು ಇರುವ ಬೀದಿಯ ಲೆಕ್ಕವನ್ನೂ ಪಕ್ಕದಲ್ಲೇ ಬರೆಯಲಿ. ಎರಡು ಅಂಕಿಗಳ ನಡುವಿನ ಅಂತರ ಓದಲು ಬಂದ ಮೇಲೆ ಉಳಿತಾಯದ ಮಾತಾಡೋಣ.